ಖಾಲಿ ಹಳಿಯ ಕೆಂಪು

ಆ ಸೋಮವಾರ ನೀಲಾಂಬಿಕಾ ಬಡಿಗೇರಳ ಮೇಜಿನ ಕೆಳಗೆ ಒಂಬತ್ತು ಪೆನ್ನುಗಳು ಬಿದ್ದಿದ್ದವು. ಬಿದ್ದ ಪೆನ್ನಿನ ಕಡೆ ತಿರುಗಿ ನೋಡುವುದನ್ನೇ ಅವಳು ಬಿಟ್ಟು ಆರು ವರ್ಷವಾಗಿತ್ತು. ಬಗ್ಗಿದರೆ ಸೊಂಟದ ಎಡಕ್ಕೆ ಕಾದ ಕಬ್ಬಿಣ ಒತ್ತಿದಂತಾಗುತ್ತಿತ್ತು. ಆ ಉರಿ ತೊಡೆಗಿಳಿದು, ಮೊಣಕಾಲು ಸುತ್ತಿ, ಹಿಮ್ಮಡಿಯಲ್ಲಿ ಬಂದು ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಒಂದು ಪೆನ್ನಿಗಾಗಿ ಇಷ್ಟೆಲ್ಲ ಯಾರಿಗೆ ಬೇಕು? ಡಬ್ಬಿಯಿಂದ ಇನ್ನೊಂದು ತೆಗೆಯುವಳು.

ಗಂಡ ಮೌನೇಶನದು ಫ್ಯಾನು, ಮಿಕ್ಸರ್ ರಿಪೇರಿ ಅಂಗಡಿ. ಹೆಂಡತಿ ಬಗ್ಗಬಾರದೆಂದು ಅವನು ಮನೆಯನ್ನೇ ಮೇಲಕ್ಕೆತ್ತಿಬಿಟ್ಟಿದ್ದ. ಒಲೆ ಏರಿತ್ತು, ನಲ್ಲಿ ಏರಿತ್ತು, ಕಡೆಗೆ ದೇವರ ಗೂಡೂ ಏರಿತ್ತು. ಹಳೆಯ ಫ್ಯಾನಿನ ಸರಳಿಗೆ ಇಕ್ಕಳ ಕೂಡಿಸಿ, ನೆಲದ ಮೇಲಿನದನ್ನು ನಿಂತಲ್ಲೇ ಎತ್ತುವ ಉದ್ದನೆಯ ಕೈಯೊಂದನ್ನೂ ಮಾಡಿಕೊಟ್ಟಿದ್ದ. ಪಾಪ, ಅವನ ಅವ್ವ ಕಾಳವ್ವ ನಾಲ್ಕೂವರೆ ಅಡಿಯ ಮುದುಕಿ. ರೊಟ್ಟಿ ಬೇಯಿಸಲು ಈಗ ಸ್ಟೂಲು ಹತ್ತಬೇಕು.

"ಆಕಿ ಸೊಂಟಕ್ಕ ಅನುಕೂಲ ಮಾಡಿದಿ. ಇನ್ನ ನನಗೊಂದು ಏಣಿ ಮಾಡಿಕೊಡಪಾ," ಎಂದು ಮಗನನ್ನು ಚುಚ್ಚುವಳು. ಆದರೆ ಮರುಕ್ಷಣವೇ ಸೊಸೆಯ ಕಡೆ ತಿರುಗಿ, "ನೀಲಾ, ಹುಷಾರವ್ವಾ, ಬಗ್ಗಬ್ಯಾಡ," ಎನ್ನುವಳು. ಈ ಮಾತು ದಿನಕ್ಕೆ ಏನಿಲ್ಲವೆಂದರೂ ಐವತ್ತು ಸಲ.

ಗದಗಿನಿಂದ ಕೊಪ್ಪಳದ ಕಡೆ ಹೋಗುವ ದಾರಿಯಲ್ಲಿ ಕಣವಿಹಾಳ ಎಂಬ ಸ್ಟೇಶನ್ನು. ಗಾಡಿಗಳು ಗಂಟೆಗೆ ಇನ್ನೂರು ಮೈಲಿ ಹಾರುವ ಕಾಲ ಬಂದಿದ್ದರೂ ಅಲ್ಲಿ ಹಸಿರು ಬಾವುಟ ಹೋಗಿರಲಿಲ್ಲ. ಗಾಡಿ ದಾಟುವಾಗ ಸ್ಟೇಶನ್ ಮಾಸ್ಟರ್ ಪ್ಲಾಟ್‌ಫಾರಂನಲ್ಲಿ ನಿಂತು ಬಾವುಟ ತೋರಿಸಬೇಕು, ಹಿಂದಿನ ಡಬ್ಬಿಯ ಗಾರ್ಡು ತನ್ನ ಬಾವುಟ ತೋರಿಸಬೇಕು. ಎಲ್ಲ ಸರಿಯಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಆ ಪದ್ಧತಿಗೆ ಅವರೆಲ್ಲ 'ಆಲ್ ರೈಟ್' ಎನ್ನುತ್ತಿದ್ದರು. ನೀಲಾಂಬಿಕಾ ಅಲ್ಲಿಯ ಸ್ಟೇಶನ್ ಮಾಸ್ಟರ್ ಆಗಿದ್ದಳು. ಸಿಗ್ನಲ್ಲುಗಳ ಗುಂಡಿಗಳಿರುವ ಪ್ಯಾನೆಲ್ಲಿನ ಮುಂದೆ ಕೂತರೆ, ಹಾರ್ಮೋನಿಯಂ ಮುಂದೆ ಕೂತವರ ಖುಷಿ ಅವಳಿಗೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹದಿನಾಲ್ಕನೇ ಪಾಯಿಂಟಿನ ಮೋಟರು ಕೈಕೊಟ್ಟಿತು. ಪಾಯಿಂಟ್ ಎಂದರೆ ಹಳಿ ಕವಲೊಡೆಯುವ ಜಾಗ. ಮೋಟರು ನಿಂತರೆ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸಬೇಕು. ಹ್ಯಾಂಡಲ್ ಹಿಡಿದು ಓಡಿದ ನೀಲಾಂಬಿಕಾ ಜಲ್ಲಿಯ ಮೇಲೆ ಜಾರಿ ಹಳಿಯ ಮೇಲೆ ಕುಕ್ಕರಿಸಿ ಬಿದ್ದಳು. ಮೂಳೆ ಬಿರುಕು ಬಿಟ್ಟಿತ್ತು. ನಾಲ್ಕು ತಿಂಗಳಿಗೆ ಕೂಡಿತು. ನೋವು ಮಾತ್ರ ಹೋಗಲಿಲ್ಲ. ಸ್ಕ್ಯಾನಿನ ಮೇಲೆ ಸ್ಕ್ಯಾನು ಮಾಡಿದ ಡಾಕ್ಟರುಗಳೆಲ್ಲ "ಏನೂ ಇಲ್ಲ" ಎಂದರು. ಏನೂ ಇಲ್ಲದ್ದು ಹೀಗೆ ಸುಡುತ್ತದೆಯೇ? ಇಲಾಖೆ ಅವಳನ್ನು ಅದೇ ಸ್ಟೇಶನ್ನಿನ ಪಾರ್ಸೆಲ್ ಮೇಜಿಗೆ ಕೂರಿಸಿತು. ಗಾಜಿನ ಗೋಡೆಯ ಆಚೆ ಪ್ಯಾನೆಲ್ಲು, ಈಚೆ ಅವಳು.

ಆ ಸೋಮವಾರ ಬಂದ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ನಲವತ್ತು ದಿನಗಳ ನಂತರ ಅಧಿಕಾರಿ ಬರುತ್ತಾರೆ. ಪ್ಯಾನೆಲ್ ಕೋಣೆಯಿಂದ ಹೊರಟು, ಪಾಯಿಂಟನ್ನು ಕೈಯಿಂದ ತಿರುಗಿಸಿ, ಇಪ್ಪತ್ತು ನಿಮಿಷದೊಳಗೆ ವಾಪಸಾಗಬೇಕು. ಆಗದಿದ್ದರೆ ಪಾರ್ಸೆಲ್ ಮೇಜೇ ಕಾಯಂ.

ಪತ್ರ ಓದಿದ ನೀಲಾಂಬಿಕಾಳ ಕೈಯಿಂದ ಹತ್ತನೇ ಪೆನ್ನು ಬಿತ್ತು.

ಅದೇ ವಾರ ಅವಳು ಧಾರವಾಡದಲ್ಲಿ ನೋವಿನ ಸಂಶೋಧನೆ ನಡೆಸುವ ಪ್ರಯೋಗಾಲಯವೊಂದಕ್ಕೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಳು. ಅಲ್ಲಿದ್ದವಳು ಡಾಕ್ಟರ್ ಫರ್ಹಾನಾ ನದಾಫ್, ಮೂವತ್ತೈದರ ಚುರುಕು ಹೆಣ್ಣುಮಗಳು. ಮಾತಿನ ನಡುವೆ ತಲೆ ಕೆರೆದುಕೊಂಡು ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವವಳು. ಮೊದಲೆರಡು ದಿನ ಎಲ್ಲ ತಪಾಸಣೆ ಮತ್ತೆ ಮಾಡಿಸಿದಳು. ಮೂರನೇ ದಿನ ನೀಲಾಂಬಿಕಾಳ ತಲೆಗೆ ರಬ್ಬರಿನ ಟೋಪಿ ತೊಡಿಸಿ, ಬೆನ್ನಿಗೆ ಆರು ಬಿಲ್ಲೆ ಅಂಟಿಸಿ, ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದಳು. ಪಟ್ಟಿಯಲ್ಲಿ ಎರಡು ಪುಟ್ಟ ದೀಪ.

"ಮ್ಯಾಲಿಂದು ನಿಮ್ಮ ಬೆನ್ನಿಂದ್ರಿ ಮೇಡಂ. ಅಲ್ಲೆ ಪೆಟ್ಟು, ಬಾವು ಏನರ ಇದ್ರ ಕೆಂಪಾಗ್ತೈತಿ. ಕೆಳಗಿಂದು ತಲೀದು. ತಲ್ಯಾಗ ಒಬ್ಬ ಕಾವಲುಗಾರ ಇರ್ತಾನ. ಅಪಾಯ ಅಂತ ಅವಗ ಅನಸಿದ್ರ ಅದು ಕೆಂಪಾಗ್ತೈತಿ. ಎರಡೂ ಕೆಂಪಾದ್ರ ನಾ ಟೋಪಿ ತಗದು ಸೀದಾ ಆಸ್ಪತ್ರಿಗೆ ಕಳಸ್ತೀನಿ. ಹೋದ ವಾರ ಒಬ್ಬರನ್ನ ಹಂಗ ಕಳಸೀನಿ."

"ಬಗ್ಗಬೇಕೇನ್ರಿ ಈಗ?" ನೀಲಾಂಬಿಕಾ ಕೇಳಿದಳು.

"ಬ್ಯಾಡ್ರಿ. ಬಗ್ಗತೀನಿ ಅಂತ ಬರೇ ಮನಸಿನ್ಯಾಗ ಅನ್ಕೊಳ್ರಿ."

ಅಂದುಕೊಂಡಳು. ಅಷ್ಟೇ. ಕುರ್ಚಿಯಿಂದ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಕೆಳಗಿನ ದೀಪ ಭಗ್ಗನೆ ಕೆಂಪಾಯಿತು. ಮರುಗಳಿಗೆ ಸೊಂಟದ ಎಡಕ್ಕೆ ಕಾದ ಕಬ್ಬಿಣ. ಮೇಲಿನ ದೀಪ ಮಾತ್ರ ಎಳೆ ಹುಲ್ಲಿನಂತೆ ಹಸಿರಾಗಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಉರಿಯುತ್ತಿತ್ತು.

ನೀಲಾಂಬಿಕಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅಂದ್ರ ಆರು ವರ್ಷ ನಾ ನಾಟಕ ಮಾಡೀನಿ ಅಂತೀರೇನ್ರಿ?"

"ಯಪ್ಪಾ, ಇಲ್ಲರಿ!" ಫರ್ಹಾನಾ ಗಾಬರಿಯಿಂದ ಕೈ ಅಲ್ಲಾಡಿಸಿದಳು. "ನೋವು ನೂರಕ್ಕ ನೂರು ಖರೇ. ಅದು ತಂದ ಸುದ್ದಿ ಮಾತ್ರ ಸುಳ್ಳು. ಬೆನ್ನು ಯಾವಾಗೋ ವಾಸಿ ಆಗೇತಿ. ಕಾವಲುಗಾರಗ ಆ ಸುದ್ದಿ ಮುಟ್ಟೇ ಇಲ್ಲ."

ನೀಲಾಂಬಿಕಾ ತುಂಬ ಹೊತ್ತು ಆ ಎರಡು ದೀಪಗಳನ್ನು ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ಖಾಲಿ ಹಳಿ ಮ್ಯಾಲೆ ಕೆಂಪು," ಎಂದಳು.

"ಏನಂದ್ರಿ?"

"ನಮ್ಮಲ್ಲಿ ಆಗ್ತೈತ್ರಿ. ಹಳಿ ಮ್ಯಾಲೆ ಒಂದು ಗಾಡೀನೂ ಇರಾಂಗಿಲ್ಲ, ಪ್ಯಾನೆಲ್ಲಿನ್ಯಾಗ ಕೆಂಪು. ಯಂತ್ರಕ್ಕ ಅನುಮಾನ ಬಂದ್ರ ಅದು ಕೆಂಪನ್ನ ತೋರಿಸ್ಬೇಕು ಅಂತನ ಮಾಡಿರ್ತಾರ. ಅಪಾಯ ಬ್ಯಾಡ ಅಂತ. ಕೆಂಪು ಖರೇನ. ಗಾಡಿಗೋಳು ಖರೇನ ನಿಂದರ್ತಾವ." ಒಂದು ನಿಟ್ಟುಸಿರು ಬಂತು. "ನಾನು ಸ್ಟೇಶನ್ ಮಾಸ್ಟರ್ರಿ. ಕೆಂಪು ಕಂಡ್ರ ದಾಟಾಕ ಹೋಗಬಾರದು ಅಂತ ಕಲತಾಕಿ. ಆರು ವರ್ಷ ದಾಟಿಲ್ಲ."

ಫರ್ಹಾನಾ ಬಾಯಿ ತೆರೆದು ಕೇಳುತ್ತಿದ್ದಳು. ಆಮೇಲೆ ಕನ್ನಡಕ ಹುಡುಕಿ ಅದನ್ನೆಲ್ಲ ಬರೆದುಕೊಂಡಳು. ಕನ್ನಡಕ ತಲೆಯ ಮೇಲೇ ಇತ್ತು.

ಪ್ರಯೋಗಾಲಯದ ಹೊಸ ಸಾಧನೆ ದೀಪವಲ್ಲ, ಟೋಪಿ. ಅದು ತಲೆಯೊಳಗಿನ ಕಾವಲುಗಾರನ ಜಾಗಕ್ಕೆ ಮೆಲ್ಲಗೆ ತಟ್ಟುವಂಥ ಅಲೆಗಳನ್ನು ಇಪ್ಪತ್ತು ನಿಮಿಷ ಕಳಿಸುತ್ತದೆ. ಕಾವಲುಗಾರ ಒಂದಿಷ್ಟು ಹೊತ್ತು ಹಳೆಯ ಹಟ ಬಿಡುತ್ತಾನೆ. ಅವರು ಅದಕ್ಕೆ 'ರೀಸೆಟ್' ಎನ್ನುತ್ತಿದ್ದರು. ಇಪ್ಪತ್ತು ನಿಮಿಷದ ಕೊನೆಗೆ ಎರಡೂ ದೀಪ ಹಸಿರಾದವು. ನೀಲಾಂಬಿಕಾ ಉಸಿರು ಬಿಗಿಹಿಡಿದು ಕೂತಳು. ಸೊಂಟದ ಎಡಕ್ಕೆ ಏನೂ ಇಲ್ಲ! ಆರು ವರ್ಷ ಒಂದೇ ಸಮ ಗುಂಯ್‌ಗುಡುತ್ತಿದ್ದ ಗಿರಣಿ ಕರೆಂಟು ಹೋಗಿ ನಿಂತ ಹಾಗೆ. ಸೊಂಟವನ್ನು ಅಲುಗಿಸದೆ, ತುಂಬಿದ ಕೊಡ ಹೊತ್ತವಳಂತೆ ಆ ಸುಖವನ್ನು ಹೊತ್ತು ಬಸ್ಸು ಹತ್ತಿದಳು. ಮೂರು ತಾಸು ಕಿಟಕಿಯಾಚೆ ನೋಡಿ ನಕ್ಕಳು. ಪಕ್ಕದ ಸೀಟಿನವರು ಸರಿದು ಕೂತರು.

ಮನೆಯ ಬಾಗಿಲಲ್ಲಿ ಕಾಳವ್ವ ನಿಂತಿದ್ದಳು. "ಹುಷಾರವ್ವಾ, ಮೆಟ್ಲ ಐತಿ, ಸಾವಕಾಶ."

ಕಾದ ಕಬ್ಬಿಣ.

ಇನ್ನೆರಡು ಸಲ ಹೋದಳು. ಎರಡು ಸಲವೂ ಅದೇ ಕಥೆ: ಧಾರವಾಡದಲ್ಲಿ ಹಸಿರು, ಕಣವಿಹಾಳದಲ್ಲಿ ಕೆಂಪು. ಉಳಿದ ಹತ್ತು ಮಂದಿ ಸ್ವಯಂಸೇವಕರದೂ ಅದೇ ಹಾಡು ಎಂದು ಫರ್ಹಾನಾ ಫೋನಿನಲ್ಲಿ ಹೇಳಿದಳು. "ರೀಸೆಟ್ ಆಗ್ತೈತ್ರಿ ಮೇಡಂ, ನಿಂದರವಲ್ದು. ಯಾಕ ಅಂತ ನನಗೂ ತಿಳಿವಲ್ದು." ಇನ್ನು ಇಪ್ಪತ್ತಮೂರು ದಿನ ಉಳಿದಿತ್ತು.

ಆ ಗುರುವಾರ ಪಾರ್ಸೆಲ್ ಮೇಜಿನಲ್ಲಿ ಕೂತು ನೀಲಾಂಬಿಕಾ ಕೋಳಿಮರಿಗಳ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದಳು. ಗಾಜಿನಾಚೆ ಪ್ಯಾನೆಲ್ಲಿನ ಮುಂದೆ ಇದ್ದವನು ಈರಣ್ಣ ಸಜ್ಜನ, ಕೆಲಸಕ್ಕೆ ಸೇರಿ ವರ್ಷವೂ ಆಗದ ಹೊಸ ಮಾಸ್ಟರ್. ಇದ್ದಕ್ಕಿದ್ದಂತೆ ಅವನು ಬಾಗಿಲು ತೆರೆದು ತಲೆ ಹಾಕಿದ.

"ನೀಲಕ್ಕಾ, ಒಂದನೇ ಲೈನು ಕೆಂಪು ತೋರಸಾಕತ್ತೈತ್ರಿ. ಗಾಡಿನ ಇಲ್ಲ! ಕಿಡಕ್ಯಾಗಿಂದ ಕಣ್ಣಾರೆ ನೋಡೀನಿ."

"ಹಳಿ ರಿಪೇರಿಯವರು ಸನಿಕಿ ಹಿಡ್ಕೊಂಡು ಅಡ್ಯಾಡಿರ್ತಾರ ಬಿಡು."

ಹಳಿಯ ಎರಡು ತುದಿಗೂ ಗಾಲಿ ಎಣಿಸುವ ಯಂತ್ರಗಳಿರುತ್ತವೆ. ಇಷ್ಟು ಗಾಲಿ ಒಳಗೆ ಬಂದವು, ಅಷ್ಟೇ ಹೊರಗೆ ಹೋದವು ಎಂದಾದರೆ ಹಳಿ ಖಾಲಿ. ಕೆಲಸದವರು ಜಲ್ಲಿ ಎತ್ತುವ ಕಬ್ಬಿಣದ ಸನಿಕೆಯನ್ನು ಯಂತ್ರ ಗಾಲಿಯೆಂದು ಎಣಿಸಿಬಿಟ್ಟರೆ, ಬಂದ ಗಾಲಿ ಹೋಗಲೇ ಇಲ್ಲ ಎಂದು ಅದು ಕೆಂಪು ಹಿಡಿದು ಕೂರುತ್ತದೆ. ಸನಿಕೆ ಮನೆಗೆ ಹೋಗಿ ಮೂಲೆ ಸೇರಿದ್ದರೂ ಸರಿ.

"ರೀಸೆಟ್ ಒತ್ತಿದೆರಿ. ಆದ್ರೂ ಕೆಂಪ ಐತಲ್ರಿ!"

"ಯಾವ ಕ್ಲಾಸಿನ್ಯಾಗ ನಿದ್ದಿ ಹೊಡದಿದ್ದಿ ನೀನು?" ನೀಲಾಂಬಿಕಾ ಚೀಟಿ ಅಂಟಿಸುತ್ತಲೇ ಬೈದಳು. "ರೀಸೆಟ್ ಒತ್ತಿದ ಕೂಡ್ಲೆ ಹಸಿರಾಗಾಂಗಿಲ್ಲೋ. ಅದು ಬರೇ ತಯಾರಿ. ಆಮ್ಯಾಲೆ ಡ್ರೈವರಗ ಚೀಟಿ ಕೊಟ್ಟು ಒಂದು ಪೈಲಟ್ ಗಾಡಿ ಬಿಡಬೇಕು. ಅದು ನಿಧಾನಕ ಈ ತುದಿಯಿಂದ ಆ ತುದಿತನಾ ಹೋಗಬೇಕು. ಒಳಗ ಬಂದ ಗಾಲಿ, ಹೊರಗ ಹೋದ ಗಾಲಿ ಲೆಕ್ಕ ಕೂಡಿದ್ರ ಆವಾಗ ಯಂತ್ರಕ್ಕ ನಂಬಿಕಿ ಬರ್ತೈತಿ. ಗಾಡಿ ಓಡ್ಸದ ಬರೇ ಗುಂಡಿ ಒತ್ತಿದ್ರ ಅದು ಹೆಂಗ..."

ಅವಳ ಬಾಯಿ ಅಲ್ಲೇ ನಿಂತಿತು. ಕೈಯಲ್ಲಿದ್ದ ಚೀಟಿ ಕೋಳಿಪೆಟ್ಟಿಗೆಯ ಬದಲು ಅವಳ ಸೀರೆಗೆ ಅಂಟಿತ್ತು.

"ಅಕ್ಕಾ? ಏನಾತ್ರಿ?"

"ನಾ ಬಸ್ಸಿನ್ಯಾಗ ಅಲ್ಲಾಡದ ಕೂತು ಬಂದೆನಲ್ಲೋ, ಈರಣ್ಣಾ! ಮೂರು ಸಲಾನೂ!" ಎಂದು ಕೂಗಿ ಅವಳು ಫೋನು ಎತ್ತಿಕೊಂಡಳು. ಈರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಪೈಲಟ್ ಗಾಡಿ ಬಿಟ್ಟ. ಹತ್ತು ನಿಮಿಷದಲ್ಲಿ ಒಂದನೇ ಲೈನು ಹಸಿರಾಯಿತು.

ಫರ್ಹಾನಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. "ಅಂದ್ರ ರೀಸೆಟ್ ಆದ ಹೊತ್ತಿನ್ಯಾಗ, ಯಾವುದಕ್ಕ ಹೆದರ್ತೀರಿ ಅದನ್ನ ನಿಧಾನಕ ಮಾಡಬೇಕು. ಬಗ್ಗಬೇಕು. ಏನೂ ಆಗಲಿಲ್ಲ ಅನ್ನೂದನ್ನ ಕಾವಲುಗಾರ ತಾನ ಎಣಿಸಬೇಕು. ನಾವು ಎಲ್ಲಾರಿಗೂ 'ಆರಾಮ ಮಲಗ್ರಿ' ಅಂತ ಹೇಳಿ ಮನಿಗೆ ಕಳಸೇವಿ!" ಹಣೆ ಬಡಿದುಕೊಂಡ ಸದ್ದು ಕೇಳಿಸಿತು. "ಮೇಡಂ, ನಿಮ್ಮ ಗಾಡಿ ಕೆಡೂದು ಧಾರವಾಡದಾಗಲ್ಲ, ನಿಮ್ಮ ಮನ್ಯಾಗ. ನಾನ ಬರ್ತೀನಿ."

ಶನಿವಾರ ಬಂದಳು. ಟೋಪಿ, ಬಿಲ್ಲೆ, ಪೆಟ್ಟಿಗೆಗಳೆಲ್ಲ ಪಡಸಾಲೆಯಲ್ಲಿ ಹರಡಿದವು. ಟೋಪಿ ತೊಟ್ಟ ಸೊಸೆಯನ್ನು ಕಂಡು ಕಾಳವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಯವ್ವಾ, ಕುಂಚಿಗಿ ಹಾಕಿದ ಕೂಸಾತಲ್ಲ ನನ ಸೊಸಿ."

ಇಪ್ಪತ್ತು ನಿಮಿಷವಾಯಿತು. ಎರಡೂ ದೀಪ ಹಸಿರು. ನೆಲದ ಮೇಲೆ ಒಂದು ನಿಂಬೆಹಣ್ಣು ಇಟ್ಟು ಫರ್ಹಾನಾ ಹೇಳಿದಳು: "ಎಷ್ಟು ಆಗ್ತೈತಿ ಅಷ್ಟ ಬಗ್ಗರಿ. ಮೊಣಕಾಲ ತನಾ ಆದ್ರೂ ಸಾಕು."

ನೀಲಾಂಬಿಕಾ ಇನ್ನೂ ತಲೆಯನ್ನೂ ತಗ್ಗಿಸಿರಲಿಲ್ಲ.

"ಹುಷಾರವ್ವಾ!" ಕಾಳವ್ವ ಬಾಯಿ ತಡೆಯದೆ ಕೂಗಿದಳು.

ಕೆಳಗಿನ ದೀಪ ಭಗ್ಗನೆ ಕೆಂಪಾಯಿತು.

ಕಾಳವ್ವ ದೀಪ ನೋಡಿದಳು, ಸೊಸೆಯ ಮುಖ ನೋಡಿದಳು. ಓದು ಬಾರದಿದ್ದರೂ ಕೆಂಪು ಯಾವುದು ಹಸಿರು ಯಾವುದು ಎಂದು ಅವಳಿಗೂ ಗೊತ್ತು. "ನನ್ನ ಬಾಯಿಂದ ಬಂತೇನ ಅದು?" ಎಂದಳು ಸಣ್ಣ ದನಿಯಲ್ಲಿ. ಅವಳು ಸೆರಗು ಸರಿಪಡಿಸಿಕೊಂಡು ಒಳಗೆ ಹೋಗಿ, ಎತ್ತರದ ಒಲೆಯ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಳು.

ಮೌನೇಶ ಮೆಲ್ಲಗೆ ಹೇಳಿದ: "ಡಾಕ್ಟ್ರ, ನಮ್ಮಪ್ಪ ಮಾಳಗಿ ಮಾಡುಮುಂದ ತೊಲಿ ಮ್ಯಾಲಿಂದ ಬಿದ್ದು ನಡಾ ಮುರಕೊಂಡಿದ್ದ. ಹನ್ನೊಂದು ವರ್ಷ ಹಾಸಿಗಿ ಮ್ಯಾಲೆ. ಅವ್ವನ ನೋಡಿಕೊಂಡಾಕಿ. ನೀಲಾ ಬಿದ್ದ ದಿನದಿಂದ ಆಕಿಗೆ ಅದ ಕಣ್ಣಮುಂದ."

ನೀಲಾಂಬಿಕಾ ಟೋಪಿಯ ತಂತಿಗಳನ್ನು ಎಳೆದುಕೊಂಡೇ ಒಳಗೆ ಹೋದಳು. ಅತ್ತೆಯ ಹೆಗಲ ಮೇಲೆ ಕೈ ಇಟ್ಟಳು.

"ಅತ್ತಿ, ಆರು ವರ್ಷ ನನ್ನ ಕಾದಿರಿ. ನಿಮ್ಮ ತಪ್ಪಿಲ್ಲರಿ."

"ಹಂಗಾರ ನಾ ಏನನ್ನಲಿ? ನೀ ಬಗ್ಗಿದ್ರ ನನ್ನ ಜೀವ ಝಲ್ ಅಂತೈತಿ. ಬಾಯಿ ತಾನ ಬರ್ತೈತಿ." ಮುದುಕಿ ಕಣ್ಣೊರೆಸಿಕೊಂಡಳು. "ನಿಮ್ಮ ಸ್ಟೇಶನ್ಯಾಗ ಗಾಡಿ ಹೋಗುಮುಂದ ಏನಂತೀರಿ?"

"ಏನೂ ಅನ್ನಾಂಗಿಲ್ರಿ. ಹಸಿರು ಬಾವುಟ ತೋರಿಸ್ತೀವಿ. ಅವರೂ ತೋರಿಸ್ತಾರ. ಆಲ್ ರೈಟ್ ಅಂತ."

ಕಾಳವ್ವ ಸ್ಟೂಲಿನಿಂದ ಇಳಿದಳು. ಅಟ್ಟದ ಟ್ರಂಕಿನಲ್ಲಿ ಬಣ್ಣ ಮಾಸಿದ ಹಳೆಯ ಬಾವುಟವೊಂದು ಇತ್ತು. ನೀಲಾಂಬಿಕಾಳ ಮೊದಲ ವರ್ಷದ್ದು. ಮೌನೇಶನ ಉದ್ದ ಕೈ ಆವತ್ತು ಮೊದಲ ಸಲ ನಿಜವಾಗಿ ಉಪಯೋಗಕ್ಕೆ ಬಂತು, ಅದನ್ನು ಅಟ್ಟದಿಂದ ಇಳಿಸಲು. ಕಾಳವ್ವ ಪಡಸಾಲೆಯ ಆ ತುದಿಗೆ ಹೋಗಿ, ಕವಾಯತಿಗೆ ನಿಂತ ಪೊಲೀಸನಂತೆ ನೆಟ್ಟಗೆ ನಿಂತು, ತುಟಿ ಬಿಗಿದು, ಬಾವುಟ ಎತ್ತಿದಳು. ಬಾಯಿ ತೆರೆಯಲೇ ಇಲ್ಲ.

ಮತ್ತೆ ಇಪ್ಪತ್ತು ನಿಮಿಷ. ಮತ್ತೆ ಹಸಿರು. ನೀಲಾಂಬಿಕಾ ಬಗ್ಗತೊಡಗಿದಳು. ಉಸಿರು ಒಳಗೆ ಒಂದು, ಉಸಿರು ಹೊರಗೆ ಒಂದು. ಗಾಲಿ ಎಣಿಸುವ ಹಾಗೆ. ಮೊಣಕಾಲಿನ ಹತ್ತಿರ ದೀಪ ಹಳದಿಯಾಗಿ ಮಿಣುಕಿತು. ಓಡಿಹೋಗಲಿಲ್ಲ, ನಿಂತಳು. ಸೊಂಟದಲ್ಲಿ ಏನಾಗುತ್ತಿದೆ ಎಂದು ಹೆದರದೆ, ಕಿಟಕಿಯಿಂದ ಗಾಡಿ ನೋಡುವ ಹಾಗೆ ನೋಡಿದಳು. ಬಿಸಿ ಇತ್ತು. ಬಿಗಿ ಇತ್ತು. ಬರಬರುತ್ತ ಎರಡೂ ಸಡಿಲಾದವು. ಮತ್ತೆ ಹಸಿರು. ಎದ್ದು ನಿಂತು ಕೈಯೆತ್ತಿದಳು.

"ಆಲ್ ರೈಟ್!"

"ಆಲ್ ರೈಟಾ!" ಎಂದು ಕಾಳವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

ಟೋಪಿ, ಬಿಲ್ಲೆ, ಪಟ್ಟಿಗಳನ್ನು ಫರ್ಹಾನಾ ಅಲ್ಲೇ ಬಿಟ್ಟುಹೋದಳು. ಅಂದಿನಿಂದ ಬಡಿಗೇರರ ಪಡಸಾಲೆ ಒಂದು ಸ್ಟೇಶನ್ನಾಯಿತು. ಬೆಳಿಗ್ಗೆ ಒಂದು ಗಾಡಿ, ಸಂಜೆ ಒಂದು ಗಾಡಿ. ಮೊಣಕಾಲು, ಮೀನಖಂಡ, ಪಾದ. ಏಳನೇ ದಿನ ನಿಂಬೆಹಣ್ಣು ಕೈಗೆ ಬಂತು. ಕಾಳವ್ವ ಅದನ್ನು ಹಿಂಡಿ ಪಾನಕ ಮಾಡಿ ಎಲ್ಲರಿಗೂ ಕುಡಿಸಿದಳು. ಮೌನೇಶ ಒಲೆಯನ್ನು ದಿನಕ್ಕೆ ಒಂದು ಇಟ್ಟಿಗೆಯಂತೆ ಕೆಳಗಿಳಿಸುತ್ತ ಬಂದ. ಹತ್ತನೇ ದಿನ ನೀಲಾಂಬಿಕಾ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಹರಿದು ಆಂಧ್ರದ ನಕಾಶೆಯಂತಾಯಿತು. ಕಾಳವ್ವ ಅದನ್ನೇ ಹಟ ಮಾಡಿ ತಿಂದಳು.

ಹದಿನಾರನೇ ದಿನ ಎಲ್ಲ ಕೆಟ್ಟಿತು. ಕಾರಣವೇ ಇಲ್ಲದೆ ಎದ್ದ ಕೂಡಲೇ ಕೆಂಪು. ಮಧ್ಯಾಹ್ನವೂ ಕೆಂಪು. ಹಿಮ್ಮಡಿಯವರೆಗೆ ಅದೇ ಹಳೆಯ ಉರಿ. ಇನ್ನು ಆರೇ ದಿನ.

"ಮುಗೀತ್ರಿ," ಎಂದಳು ನೀಲಾಂಬಿಕಾ ಫೋನಿನಲ್ಲಿ. "ಎಲ್ಲಾ ಹೋತು."

"ಬೆನ್ನಿನ ದೀಪ ಯಾವ ಬಣ್ಣ ಐತ್ರಿ?"

"ಹಸಿರು."

"ನಿಮ್ಮ ಯಂತ್ರ ಒಮ್ಮೆ ಸರಿಯಾತು ಅಂದ್ರ ಮತ್ತ ಎಂದೂ ಸನಿಕಿನ ಎಣಿಸಾಂಗಿಲ್ಲೇನ್ರಿ?"

ಎಣಿಸುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲವಾದರೂ. ಆಗ ಹಳಿ ಕಿತ್ತುಹೋಯಿತು ಎಂದು ಯಾರೂ ಅಳುತ್ತ ಕೂರುವುದಿಲ್ಲ. ಇನ್ನೊಂದು ಗಾಡಿ ಬಿಡುತ್ತಾರೆ.

ನೀಲಾಂಬಿಕಾ ಫೋನು ಇಟ್ಟು ಪಡಸಾಲೆಗೆ ಬಂದಳು. ಕಾಳವ್ವ ಬಾವುಟ ಹಿಡಿದು ಆಗಲೇ ನಿಂತಿದ್ದಳು. ಆವತ್ತು ಸೊಸೆ ಟೋಪಿ ತೊಡದೆ, ಕೆಂಪಿನಲ್ಲೇ, ಬಸವನಹುಳದಷ್ಟು ನಿಧಾನಕ್ಕೆ ಬಗ್ಗಿದಳು. ಎದ್ದಾಗ ದೀಪ ಹಳದಿ. ಮರುದಿನ ಹಸಿರು. ಅಲ್ಲಿಂದ ಟೋಪಿಯನ್ನು ಮತ್ತೆ ಹಾಕಲೇ ಇಲ್ಲ. ಅದು ಧಾರವಾಡಕ್ಕೆ ವಾಪಸು ಹೋಯಿತು, ಹಿಂದೆಯೇ ದೀಪದ ಪಟ್ಟಿಯೂ.

ನಲವತ್ತನೇ ದಿನ ಅಧಿಕಾರಿ ದೇಸಾಯಿ ಬಂದರು. ಬಿಳಿ ಮೀಸೆ, ಕೈಯಲ್ಲಿ ಗಡಿಯಾರ, ಮುಖದಲ್ಲಿ ಯಾವ ಸಿಗ್ನಲ್ಲೂ ಇಲ್ಲ. "ಹದಿನಾಲ್ಕನೇ ಪಾಯಿಂಟು," ಎಂದರು.

ನೀಲಾಂಬಿಕಾ ಬಿದ್ದ ಜಾಗವೇ ಅದು. ಇಡೀ ಯಾರ್ಡಿನಲ್ಲಿ ಪಾಯಿಂಟುಗಳಿಗೇನು ಬರವೇ? ಆದರೂ ಹ್ಯಾಂಡಲ್ ಎತ್ತಿಕೊಂಡು ಹೊರಟಳು. ಜಲ್ಲಿ ಕಾಲ ಕೆಳಗೆ ಕರಕರ ಎಂದಿತು. ಆರು ವರ್ಷದ ಹಿಂದೆ ಜಾರಿದ ಜಾಗ ಅವಳ ಕಣ್ಣಿಗಿಂತ ಮೊದಲು ಸೊಂಟಕ್ಕೆ ಗುರುತು ಸಿಕ್ಕಿತು. ಕೆಂಪು! ಮಣಿಕಟ್ಟಿನಲ್ಲಿ ದೀಪವಿಲ್ಲದಿದ್ದರೂ ಅವಳಿಗೆ ಕಂಡಿತು. ನಿಂತಳು.

"ಯಾಕ ನಿಂತ್ರಿ? ಟೈಮ್ ಓಡಾಕತ್ತೈತಿ," ಎಂದರು ಹಿಂದೆ ಬಂದ ದೇಸಾಯಿ.

"ಕೆಂಪು ಬಿದ್ದೈತ್ರಿ ಸರ್. ಒಂದು ನಿಮಿಷ ನಿಂತು, ಆಮ್ಯಾಲೆ ನಿಧಾನಕ ಹೋಗ್ತೀನಿ."

ದೇಸಾಯಿ ಕತ್ತು ಎತ್ತಿ ನಾಲ್ಕೂ ಕಡೆ ನೋಡಿದರು. ಎಲ್ಲೂ ಯಾವ ಕೆಂಪೂ ಇರಲಿಲ್ಲ.

ನೀಲಾಂಬಿಕಾ ಪ್ಲಾಟ್‌ಫಾರಂ ಕಡೆ ನೋಡಿದಳು. ಹೊರಗಿನವರು ಸ್ಟೇಶನ್ನಿನಲ್ಲಿ ಬಾವುಟ ತೋರಿಸುವುದು ಅಪರಾಧ. ಕಾಳವ್ವನಿಗೆ ಅದನ್ನು ಮೂರು ಸಲ ಹೇಳಿಯಾಗಿತ್ತು. ಹಾಗಾಗಿ ಮುದುಕಿ ಬಾವುಟ ತಂದಿರಲಿಲ್ಲ. ಗಿಳಿಹಸಿರಿನ ಇಳಕಲ್ ಸೀರೆ ಉಟ್ಟು, ಹಸಿರು ಕುಪ್ಪಸ ತೊಟ್ಟು, ಹಸಿರು ಚೀಲ ಹಿಡಿದು, ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಬೆಂಚಿನ ಪಕ್ಕ ನೆಟ್ಟಗೆ ನಿಂತಿದ್ದಳು. ಪಕ್ಕದಲ್ಲಿ ಮೌನೇಶ. ಅವನ ಅಂಗಿಯೂ ಹಸಿರು. ಎರವಲು ತಂದದ್ದಿರಬೇಕು, ಎರಡು ಮೈ ಹಿಡಿಸುವಷ್ಟು ದೊಗಳೆ.

ನೀಲಾಂಬಿಕಾಳಿಗೆ ನಗು ಒತ್ತರಿಸಿ ಬಂತು. ನಗುತ್ತಲೇ ಬಗ್ಗಿದಳು. ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದಳು. ಒಳಗೆ ಒಂದು, ಹೊರಗೆ ಒಂದು. ಹನ್ನೆರಡನೇ ಸುತ್ತಿಗೆ ನೋವು ಪೂರ್ತಿ ಎದ್ದಿತು, ತೊಡೆ, ಮೊಣಕಾಲು, ಹಿಮ್ಮಡಿ. 'ಬಾ' ಎಂದಳು ಅದಕ್ಕೆ ಮನಸ್ಸಿನಲ್ಲೇ. 'ಎಷ್ಟು ಗಾಲಿ ಇದಾವ ಎಣಸೂಣು.' ಸುತ್ತು ನಿಧಾನ ಮಾಡಿದಳು, ನಿಲ್ಲಿಸಲಿಲ್ಲ. ಹದಿನೆಂಟು. ಇಪ್ಪತ್ತೊಂದು. ಉದ್ದನೆಯ ಗೂಡ್ಸ್ ಗಾಡಿಯೊಂದು ಡಬ್ಬಿ ಡಬ್ಬಿಯಾಗಿ ದಾಟಿದಂತೆ ನೋವು ಅವಳೊಳಗಿಂದ ದಾಟಿತು. ಕೊನೆಯ ಡಬ್ಬಿಯೂ ಹೋಯಿತು. ಇಪ್ಪತ್ತೆಂಟನೇ ಸುತ್ತಿಗೆ ಪಾಯಿಂಟು 'ಖಟ್' ಎಂದು ಕೂತಿತು.

ಎದ್ದು ನಿಂತಳು. ಸೊಂಟದ ಎಡಕ್ಕೆ ಬೆವರು ಇತ್ತು. ಬೇರೇನೂ ಇರಲಿಲ್ಲ.

ವಾಪಸು ಪ್ಯಾನೆಲ್ ಕೋಣೆಗೆ ಬಂದಾಗ ದೇಸಾಯಿ ಗಡಿಯಾರ ನೋಡಿದರು. "ಹದಿನೇಳು ನಿಮಿಷ." ಕಾಗದದ ಮೇಲೆ ಏನೋ ಗೀಚಿದರು. ಆಮೇಲೆ ಮೀಸೆಯೊಳಗಿಂದ ಕೇಳಿದರು: "ಅಲ್ಲೆ ಪ್ಲಾಟ್‌ಫಾರಂನ್ಯಾಗ ಹಸಿರು ಸೀರಿ ಅಜ್ಜಿ ಯಾರ್ರಿ?"

"ನಮ್ಮ ಸಿಗ್ನಲ್ರಿ ಸರ್."

ಎಂಟನೇ ದಿನ ಆದೇಶ ಬಂತು. ಒಂಬತ್ತನೇ ದಿನ ಬೆಳಿಗ್ಗೆ ನೀಲಾಂಬಿಕಾ ಗಾಜಿನ ಆಚೆಗೆ, ಪ್ಯಾನೆಲ್ಲಿನ ಮುಂದೆ ಕೂತಳು. ರಾತ್ರಿ ಪಾಳಿ ಮುಗಿಸಿದ ಈರಣ್ಣ ಮನೆಗೆ ಹೋಗದೆ ಚಹಾ ಹಿಡಿದು ಅಲ್ಲೇ ಸುಳಿದಾಡುತ್ತಿದ್ದ. ಫರ್ಹಾನಾ ಫೋನು ಮಾಡಿದಳು: ಉಳಿದ ಹತ್ತು ಮಂದಿಯಲ್ಲಿ ಏಳು ಜನರ ದೀಪ ಹಸಿರಾಗಿತ್ತು, ಮೂವರದು ಇನ್ನೂ ಹಳದಿ, ಗಾಡಿ ಬಿಡುತ್ತಲೇ ಇದ್ದರು. ಪ್ರಯೋಗಾಲಯದ ಕಡತದಲ್ಲಿ ಈ ವಿಧಾನಕ್ಕೆ 'ಪೈಲಟ್ ಗಾಡಿ' ಎಂದೇ ಹೆಸರಿಟ್ಟಿದ್ದಳಂತೆ.

"ಕನ್ನಡಕ ಸಿಕ್ತೇನ್ರಿ?" ಎಂದು ನೀಲಾಂಬಿಕಾ ಕೇಳಿದಳು.

"ಅದನ್ನ ಹುಡುಕಾಕತ್ತೀನ್ರಿ."

ಫೋನು ಭುಜಕ್ಕೂ ಕಿವಿಗೂ ನಡುವೆ ಇತ್ತು. ಪಕ್ಕದ ಸ್ಟೇಶನ್ನಿನಿಂದ ಗಂಟೆ ಬಾರಿಸಿದರು. ಗುಂಡಿ ಒತ್ತಿದಳು, ಹಾಳೆ ತಿರುವಿದಳು, ಪೆನ್ನು ಜಾರಿ ಕೆಳಗೆ ಬಿತ್ತು; ಎತ್ತಿಕೊಂಡು ಸಮಯ ಬರೆದಳು, ಬಾವುಟ ಹಿಡಿದು ಹೊರಗೆ ಹೋಗಿ ಗಾಡಿಗೆ ಆಲ್ ರೈಟ್ ತೋರಿಸಿ ಬಂದಳು.

ಒಳಗೆ ಬಂದರೆ ಈರಣ್ಣ ಚಹಾ ಕುಡಿಯುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಏನೋ ಹಂಗ ನೋಡ್ತೀ?"

"ಅಕ್ಕಾ... ಪೆನ್ನು."

"ಪೆನ್ನಿಗೇನಾತು?"

"ಬಿದ್ದಿತ್ತಲ್ರಿ."

"ಬಿತ್ತು. ಎತ್ತಿಕೊಂಡೆ. ಅದಕ್ಕೇನ..."

ನೀಲಾಂಬಿಕಾ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ಮೇಜಿನ ಕೆಳಗಿನ ನೆಲವನ್ನು ನೋಡಿದಳು. ಎಣಿಸಿರಲಿಲ್ಲ. ನಿಂತಿರಲಿಲ್ಲ. ಹೆದರಲು ಕೂಡ ಮರೆತುಬಿಟ್ಟಿದ್ದಳು.

ಅವಳು ಕೈಯನ್ನು ಮೇಜಿನಾಚೆ ಚಾಚಿ, ಬೆರಳು ಬಿಚ್ಚಿ, ಬೇಕೆಂದೇ ಪೆನ್ನನ್ನು ಮತ್ತೊಮ್ಮೆ ಬೀಳಿಸಿದಳು.